ನಿಮ್ಮ ಹದಿನಾರನೇ ಪುಟದ ಬಗ್ಗೆ

ಮಾನ್ಯರೇ,

ಚಿತ್ರದುರ್ಗದಿಂದ ನೀವು ಕಳುಹಿಸಿದ, ಲೈಂಗಿಕ ಅಲ್ಪಸಂಖ್ಯಾತರನ್ನು ನಿರ್ಬಂಧಿಸಿದ ಜಗತ್ತಿನ ಕಾನೂನುಗಳ ಚರಿತ್ರೆಯನ್ನು ಹೇಳುವ 22 ಪುಟಗಳ ಲೇಖನವನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಇಂಗ್ಲೆಂಡಿನ ದೊರೆ ಎಂಟನೇ ಹೆನ್ರಿಯ 1533ರ ಕಾಯ್ದೆಯಿಂದ ಹೊರಟು ಫ್ರಾನ್ಸ್, ಜರ್ಮನಿ, ಸಿಂಗಪುರಗಳನ್ನು ಸುತ್ತಿ ದೆಹಲಿ ತಲುಪುವಷ್ಟರಲ್ಲಿ, ಪಂಕ್ತಿಯಲ್ಲಿ ಬಡಿಸಿದಂತೆ ದೇಶಕ್ಕೊಂದು ಪ್ಯಾರಾ ಹಂಚಿದ್ದೀರಿ. ಓದುಗರ ಕೈಗೆ ಇಸವಿಗಳು ಸಿಗುತ್ತವೆಯೇ ಹೊರತು ಅವುಗಳ ನಡುವಿನ ನಂಟು ಸಿಗುವುದಿಲ್ಲ.

ನಂಟಂತೂ ಇದೆ. ಬ್ರಿಟಿಷ್ ಆಡಳಿತದ ಮೆಕಾಲೆಯ ಆಯೋಗ 1837ರಲ್ಲಿ ಕರಡು ಸಿದ್ಧಪಡಿಸಿ, 1860ರಲ್ಲಿ ಅಂಗೀಕಾರಗೊಂಡ ಭಾರತೀಯ ದಂಡ ಸಂಹಿತೆಯಲ್ಲಿ ‘ಪ್ರಕೃತಿಗೆ ವಿರುದ್ಧ’ವಾದ ಲೈಂಗಿಕ ಕ್ರಿಯೆಯನ್ನು ಅಪರಾಧವೆಂದ 377ನೇ ಕಲಂ, ಅದೇ ಸಂಖ್ಯೆಯನ್ನು ಹೊತ್ತುಕೊಂಡೇ ಸಿಂಗಪುರ, ಮಲೇಷ್ಯಾ, ಬರ್ಮಾಗಳ ಸಂಹಿತೆಗಳನ್ನೂ ಸೇರಿತು. 1967ರಲ್ಲಿ ಸಲಿಂಗ ಸಂಬಂಧದ ಮೇಲಿನ ತನ್ನ ಕಾನೂನನ್ನು ಸಡಿಲಿಸಿದ್ದು ನೀವು ಬರೆದಂತೆ ‘ಬ್ರಿಟನ್’ ಅಲ್ಲ, ಇಂಗ್ಲೆಂಡ್ ಮತ್ತು ವೇಲ್ಸ್ ಮಾತ್ರ. ಉತ್ತರ ಐರ್ಲೆಂಡಿನವರು 1982ರವರೆಗೆ ಕಾಯಬೇಕಾಯಿತು. ಹಾಗೆಯೇ, 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ 377ನ್ನು ‘ಪೂರ್ತಿ ರದ್ದುಪಡಿಸಿತು’ ಎಂಬ ವಾಕ್ಯವನ್ನು ತಿದ್ದಿ: ವಯಸ್ಕರ ಸಮ್ಮತಿಯ ಸಂಬಂಧವನ್ನು ಅಪರಾಧದ ವ್ಯಾಪ್ತಿಯಿಂದ ಹೊರಗಿಟ್ಟಿತು, ಉಳಿದ ಭಾಗ 2024ರ ಜುಲೈ 1ರಂದು ಹೊಸ ನ್ಯಾಯ ಸಂಹಿತೆ ಬರುವವರೆಗೂ ಜಾರಿಯಲ್ಲಿತ್ತು.

ನನಗೆ ಹೆಚ್ಚು ತಕರಾರಿರುವುದು, ಹೆಚ್ಚು ಆಸೆಯೂ ಹುಟ್ಟಿದ್ದು, ಹದಿನಾರನೇ ಪುಟದಲ್ಲಿ. ‘1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ನಮ್ಮ ದುರ್ಗದ ಜೋಗತಿಯರನ್ನು ಬೀದಿಯಿಂದ ಓಡಿಸಿತು’ ಎಂದಿದ್ದೀರಿ. ಆ ಕಾಯ್ದೆ ಆಗ ಅನ್ವಯಿಸಿದ್ದು ಉತ್ತರದ ಪ್ರಾಂತ್ಯಗಳಿಗೆ; ದುರ್ಗವಾದರೋ ಬ್ರಿಟಿಷ್ ಕಮಿಷನರ್ ಆಳ್ವಿಕೆಯ ಮೈಸೂರು ಸಂಸ್ಥಾನದಲ್ಲಿತ್ತು. ಆದರೆ ಕಾಯ್ದೆಯೊಳಗೆ ಏನಿತ್ತೆಂಬುದನ್ನು ನೀವು ಹೇಳಿಯೇ ಇಲ್ಲ. ಮಕ್ಕಳ ಅಪಹರಣದಂಥ ಅಪರಾಧದ ಶಂಕೆಯಿರುವ ಹಿಜ್ರಾಗಳ ಹೆಸರು, ವಾಸಸ್ಥಳಗಳನ್ನು ಸರ್ಕಾರ ಪಟ್ಟಿ ಮಾಡಿಸಬೇಕಿತ್ತು. ಪಟ್ಟಿಗೆ ಸೇರಿದವರು ಸೀರೆಯುಟ್ಟೋ ಒಡವೆ ತೊಟ್ಟೋ ಬೀದಿಗೆ ಬಂದರೆ, ಸಾರ್ವಜನಿಕವಾಗಿ ಕುಣಿದರೆ, ವಾರಂಟ್ ಇಲ್ಲದೆ ಹಿಡಿದು ಎರಡು ವರ್ಷದವರೆಗೆ ಸೆರೆಯಲ್ಲಿಡಬಹುದಿತ್ತು. ಒಂದು ಬಳೆ, ಒಂದು ಕುಣಿತ ಅಪರಾಧವಾದ ಈ ವಿವರ ನಿಮ್ಮ ಇಪ್ಪತ್ತು ಪುಟಗಳಿಗಿಂತ ತೂಕದ್ದು.

ಆ ಪಟ್ಟಿಯನ್ನು ನಮ್ಮ ನಾಡಿಗೆ ತಂದವರು ಬ್ರಿಟಿಷರಲ್ಲ. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ಸೇರಿಸಿದ 36ಎ ಕಲಂ, ಬಾಲಕರ ಅಪಹರಣದ ಶಂಕೆಯಿರುವ ‘ನಪುಂಸಕ’ರ ಹೆಸರು, ವಿಳಾಸಗಳ ರಿಜಿಸ್ಟರ್ ಇಡಲು ಪೊಲೀಸ್ ಕಮಿಷನರರಿಗೆ ಅಧಿಕಾರ ಕೊಟ್ಟಿತು. ಹೈಕೋರ್ಟಿನಲ್ಲಿ ಅದನ್ನು ಪ್ರಶ್ನಿಸಲಾಯಿತು. 1871ರ ಕಾಯ್ದೆಯ ಕಲಮನ್ನೂ ಇದನ್ನೂ ಅಕ್ಕಪಕ್ಕದಲ್ಲಿಟ್ಟು ಓದಿದರೆ, 140 ವರ್ಷಗಳಲ್ಲಿ ಪದಗಳು ಕೂಡ ಹೆಚ್ಚು ಬದಲಾಗಿಲ್ಲವೆಂಬುದು ಕಾಣುತ್ತದೆ. ಲೇಖನ ಇಲ್ಲಿಂದ ಶುರುವಾಗಲಿ.

ಇನ್ನೊಂದು ಮಾತು: ಸಲಿಂಗಪ್ರೇಮಿ, ಮಂಗಳಮುಖಿ, ಜೋಗತಿ ಎಂಬವುಗಳನ್ನು ಒಂದರ ಬದಲಿಗೆ ಇನ್ನೊಂದೆಂಬಂತೆ ಬಳಸಿದ್ದೀರಿ. 377 ಕೃತ್ಯವನ್ನು ದಂಡಿಸಿತು, 1871ರ ಕಾಯ್ದೆ ಉಡುಗೆಯನ್ನು. ಪದ ಕಲಸಿದರೆ ಈ ವ್ಯತ್ಯಾಸವೇ ಅಳಿಸಿಹೋಗುತ್ತದೆ.

ಆರು ಪುಟಕ್ಕೆ ಇಳಿಸಿ ಕಳುಹಿಸಿ. ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿದ ನಿಮ್ಮ ಪ್ರತಿಯನ್ನು ಈ ಪತ್ರದೊಂದಿಗೇ ಇಟ್ಟಿದ್ದೇನೆ.

ಸಂಪಾದಕ,
ದಾವಣಗೆರೆ