ಎಲ್ಲ ಮಕ್ಕಳಿಗೂ ಒಂದೇ ಭಾಷೆಯಲ್ಲಿ ಪಾಠ ಮಾಡಿದರೆ ಒಗ್ಗಟ್ಟು ಬರುತ್ತದೆಯೇ?

ಹಲವು ಜನಾಂಗ, ಹಲವು ಭಾಷೆ ಇರುವ ದೇಶದಲ್ಲಿ ಒಂದನೇ ತರಗತಿಯಿಂದಲೇ ಎಲ್ಲರಿಗೂ ಒಂದೇ ಭಾಷೆಯಲ್ಲಿ ಕಲಿಸಿದರೆ ಒಗ್ಗಟ್ಟು ಬರುವುದಿಲ್ಲವೇ ಅಂತ ಕೇಳಿದ್ದೀರಿ. ಬರುವುದಿಲ್ಲ. ಚಿಕ್ಕ ಮಕ್ಕಳಿಗೆ ಪಾಠ ಮಾಡುವವಳಾಗಿ ಹೇಳುತ್ತಿದ್ದೇನೆ.

ಪಾಠದ ಭಾಷೆ ಗೊತ್ತಿಲ್ಲದ ಮಗು ಗಲಾಟೆ ಮಾಡುವುದಿಲ್ಲ. ಬೋರ್ಡಿನ ಮೇಲಿದ್ದದ್ದನ್ನು ಚೆಂದವಾಗಿ ಬರೆದುಕೊಳ್ಳುತ್ತದೆ, ಎಲ್ಲರ ಜೊತೆ ಗಟ್ಟಿಯಾಗಿ ಓದುತ್ತದೆ, ಬೇರೆ ಪುಟ ತೆಗೆದು ಓದು ಅಂದರೆ ಮಾತ್ರ ಸುಮ್ನೆ ನಿಂತುಬಿಡುತ್ತದೆ. ಕೂಡುವುದು ಕಳೆಯುವುದು ಬರುತ್ತಿರುತ್ತದೆ, ಲೆಕ್ಕದ ವಾಕ್ಯ ತಿಳಿದಿರುವುದಿಲ್ಲ. ನಾವು ಅದನ್ನು ದಡ್ಡ ಅಂದುಬಿಡುತ್ತೇವೆ. ಇದು ನನಗೆ ತುಂಬಾ ನೋವು ಕೊಡುವ ವಿಷಯ.

ನೈಜೀರಿಯಾದ ಇಫೆಯಲ್ಲಿ 1970ರಲ್ಲಿ ಒಂದು ಪ್ರಯೋಗ ಶುರುವಾಯಿತು. ಒಂದು ಗುಂಪಿನ ಮಕ್ಕಳಿಗೆ ಆರು ವರ್ಷವೂ ಮನೆಮಾತಾದ ಯೊರುಬಾದಲ್ಲೇ ಪಾಠ, ಇಂಗ್ಲಿಷ್ ಒಂದು ವಿಷಯ ಮಾತ್ರ. ಇನ್ನೊಂದು ಗುಂಪಿಗೆ ಮೂರು ವರ್ಷ ಯೊರುಬಾ, ಆಮೇಲೆ ಎಲ್ಲವೂ ಇಂಗ್ಲಿಷಿನಲ್ಲಿ. ಮೊದಲನೇ ಗುಂಪಿನವರು ಬೇರೆ ವಿಷಯಗಳಲ್ಲಷ್ಟೇ ಅಲ್ಲ, ಇಂಗ್ಲಿಷಿನಲ್ಲೂ ಹಿಂದೆ ಬೀಳಲಿಲ್ಲ. ಆದರೆ ಒಂದು ಮಾತು ಸೇರಿಸಬೇಕು: ಅವರಿಗೆ ಇಂಗ್ಲಿಷ್ ಕಲಿಸಲು ಅದಕ್ಕೇ ಅಂತ ತಯಾರಾದ ಶಿಕ್ಷಕರಿದ್ದರು, ಯೊರುಬಾದಲ್ಲಿ ಹೊಸ ಪುಸ್ತಕಗಳನ್ನೂ ಬರೆಸಿದ್ದರು. ಅದಿಲ್ಲದೆ ಬರೀ ಆದೇಶ ಹೊರಡಿಸಿದರೆ ಏನೂ ಆಗುವುದಿಲ್ಲ.

ಇನ್ನು ಒಗ್ಗಟ್ಟು. ಉರ್ದು ಒಂದೇ ಪಾಕಿಸ್ತಾನದ ಅಧಿಕೃತ ಭಾಷೆ ಅಂತ 1948ರಲ್ಲಿ ಜಿನ್ನಾ ಢಾಕಾದಲ್ಲಿ ಹೇಳಿದಾಗ ಆ ದೇಶದ ಅರ್ಧಕ್ಕಿಂತ ಜಾಸ್ತಿ ಜನ ಬಂಗಾಳಿ ಮಾತಾಡುತ್ತಿದ್ದರು. 1952ರ ಫೆಬ್ರವರಿ 21ರಂದು ಅಲ್ಲೇ ವಿದ್ಯಾರ್ಥಿಗಳು ಪೊಲೀಸರ ಗುಂಡಿಗೆ ಬಲಿಯಾದರು. 1971ರಲ್ಲಿ ದೇಶವೇ ಎರಡಾಯಿತು. ಕಾರಣ ಭಾಷೆಯೊಂದೇ ಅಲ್ಲ, ಆದರೆ ಬಿರುಕು ಮೊದಲು ಕಂಡಿದ್ದು ಅಲ್ಲಿಯೇ ಅಲ್ವಾ?

ನಿಜವಾಗಿ ಕಷ್ಟವಿರುವುದು ಒಂದೇ ಕೋಣೆಯಲ್ಲಿ ನಾಲ್ಕೈದು ಮನೆಮಾತಿನ ಮಕ್ಕಳು ಕೂತಿರುವಾಗ. ಫಿಲಿಪ್ಪೀನ್ಸ್ 2012ರಲ್ಲಿ ಮೂರನೇ ತರಗತಿವರೆಗೆ ಮನೆಮಾತಿನಲ್ಲೇ ಪಾಠ ಅಂತ ದೇಶಪೂರ್ತಿ ತಂದಿತು. 2024ರಲ್ಲಿ ಆ ಕಡ್ಡಾಯವನ್ನು ಕಾನೂನು ಮಾಡಿ ತೆಗೆಯಿತು. ಎಲ್ಲ ಮಕ್ಕಳೂ ಒಂದೇ ಭಾಷೆಯವರಾಗಿರುವ ತರಗತಿಗಳಿಗೆ ಮಾತ್ರ ಅವಕಾಶ ಉಳಿಯಿತು. ಅಲ್ಲಿ ಹಲವು ಭಾಷೆಗಳಿಗೆ ಪಠ್ಯಪುಸ್ತಕವೂ ಸಾಲುತ್ತಿರಲಿಲ್ಲ, ಶಿಕ್ಷಕರೂ ಸಾಲುತ್ತಿರಲಿಲ್ಲ.

ಹಾಗಂತ ಕೈಬಿಡಬೇಕಿಲ್ಲ. ಅಂಥ ತರಗತಿಯಲ್ಲಿ ನಾನು ಪಾಠವನ್ನು ಎಲ್ಲರಿಗೂ ಸ್ವಲ್ಪವಾದರೂ ಗೊತ್ತಿರುವ ಭಾಷೆಯಲ್ಲಿ ಮಾಡುತ್ತೇನೆ, ಆದರೆ ಒಂದೇ ಮನೆಮಾತಿನ ಮಕ್ಕಳನ್ನು ಜೊತೆಗೆ ಕೂರಿಸಿ, ಲೆಕ್ಕವನ್ನು ಮೊದಲು ತಮ್ಮ ಮಾತಿನಲ್ಲೇ ಚರ್ಚಿಸಲು ಬಿಡುತ್ತೇನೆ. ಮನೆಮಾತು ಆಡಿದ್ದಕ್ಕೆ ಯಾವ ಮಗುವಿಗೂ ಶಿಕ್ಷೆ ಇಲ್ಲ. ಇಷ್ಟಕ್ಕೆ ಸರ್ಕಾರದ ಆದೇಶ ಬೇಕಿಲ್ಲ, ನಾಳೆಯೇ ಶುರು ಮಾಡಬಹುದು.