ಕೈಗೆ ಬರುವ ಪಗಾರ ಬೇರೆ, ಸಿಟಿಸಿ ಬೇರೆ

ಪ್ರಶ್ನೆ: ಅಕ್ಕಾ, ನಮಸ್ಕಾರ. ನಾನು ಗದಗಿನವಳು. ಬಿ.ಕಾಂ. ಮುಗಿಸಿ ಮೂರು ವರ್ಷದಿಂದ ಹುಬ್ಬಳ್ಳಿ ಗೋಕುಲ ರಸ್ತೆಯ ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದೇನೆ, ದಿನಾ ರೈಲಿನಲ್ಲಿ ಓಡಾಟ. ಪಿಎಫ್ 1,800 ಕಟ್ ಆಗಿ ಕೈಗೆ 22,000 ಬರುತ್ತದೆ. ಮೊನ್ನೆ ಕೆಲಸ ಕೊಡಿಸುವ ಬೆಂಗಳೂರಿನ ಕನ್ಸಲ್ಟೆನ್ಸಿಯವರು ಫೋನ್ ಮಾಡಿ ಈಗಿನ ಸಿಟಿಸಿ ಎಷ್ಟು ಅಂದರು. ಗಾಬರಿಯಲ್ಲಿ 2.64 ಲಕ್ಷ ಅಂದೆ. ಎಷ್ಟು ಬೇಕು ಅಂದಾಗ ‘ನೀವು ಕೊಟ್ಟಷ್ಟು’ ಅಂದುಬಿಟ್ಟೆ. ಮುಂದಿನ ವಾರ ಇಂಟರ್‌ವ್ಯೂ. ಗೆಳತಿಯರು ‘ನಾಲ್ಕು ಲಕ್ಷ ಇದೆ ಅಂತ ಸುಳ್ಳು ಹೇಳು’ ಅಂತಾರೆ. ಅಪ್ಪ ‘ಜಾಸ್ತಿ ಕೇಳಬೇಡ, ಬಂದದ್ದೂ ಹೋದೀತು’ ಅಂತಾರೆ. ಏನು ಮಾಡಲಿ?

ಉತ್ತರ: ತಂಗಿ, ಮೊದಲು ಆ 2.64 ಲಕ್ಷ ಸರಿ ಮಾಡು. ಅದು ನಿನ್ನ ಸಿಟಿಸಿ ಅಲ್ಲವೇ ಅಲ್ಲ. ಸಿಟಿಸಿ (ಕಾಸ್ಟ್ ಟು ಕಂಪನಿ) ಅಂದರೆ ಕಂಪನಿ ನಿನಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು. ಕೈಗೆ ಬಂದದ್ದನ್ನು 12ರಿಂದ ಗುಣಿಸಿ ಹೇಳಿದ್ದೀಯ ಅಷ್ಟೇ. ನಿನ್ನ ಪಾಲಿನ ಪಿಎಫ್ 1,800 ಕೂಡಿಸಿದರೆ 23,800. ಕಂಪನಿಯೂ ನಿನ್ನ ಹೆಸರಲ್ಲಿ ಅಷ್ಟೇ ಕಟ್ಟುತ್ತದೆ, ಅದೂ ಸೇರಿ 25,600. ವರ್ಷಕ್ಕೆ 3,07,200. ದೀಪಾವಳಿ ಬೋನಸ್ ಬರುತ್ತಿದ್ದರೆ ಅದನ್ನೂ ಸೇರಿಸು.

ಇದು ಸಣ್ಣ ವ್ಯತ್ಯಾಸ ಅನ್ನಬೇಡ. ಹೊಸ ಪಗಾರವನ್ನು ಬಹಳಷ್ಟು ಕಂಪನಿಗಳು ಹಳೆಯದರ ಮೇಲೆ ಇಷ್ಟು ಪರ್ಸೆಂಟ್ ಅಂತ ಕೂಡಿಸಿ ಕೊಡುತ್ತವೆ. ಶೇ. 30 ಏರಿಸಿದರು ಅಂದುಕೋ, 2.64ರ ಮೇಲೆ ಅದು 3.43 ಲಕ್ಷ, 3.07ರ ಮೇಲೆ ಸುಮಾರು 4 ಲಕ್ಷ. ಒಂದು ತಪ್ಪು ಅಂಕಿಯಿಂದ ವರ್ಷಕ್ಕೆ 56 ಸಾವಿರ ಕಳೆದುಕೊಳ್ಳುತ್ತೀಯ. ಇವತ್ತೇ ಆ ಕನ್ಸಲ್ಟೆನ್ಸಿಯವರಿಗೆ ಮೇಲ್ ಹಾಕು: ‘ಫೋನಲ್ಲಿ ಹೇಳಿದ್ದು ಕೈಗೆ ಬರುವ ಮೊತ್ತ. ಪಿಎಫ್ ಸೇರಿ ನನ್ನ ಸಿಟಿಸಿ 3.07 ಲಕ್ಷ.’ ಇಷ್ಟು ಸಾಕು. ಕ್ಷಮೆ ಕೇಳುವ ಮಾತೇ ಬೇಡ.

ಸುಳ್ಳು ಮಾತ್ರ ಹೇಳಬೇಡ. ಆಫರ್ ಕೊಡುವ ಮುಂಚೆ ಮೂರು ತಿಂಗಳ ಪೇಸ್ಲಿಪ್ ಕೇಳುತ್ತಾರೆ, ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳುವವರೂ ಇದ್ದಾರೆ. ಇಲ್ಲಿ ರಾಜೀನಾಮೆ ಕೊಟ್ಟು ಕೂತ ಮೇಲೆ ಅಲ್ಲಿ ಆಫರ್ ರದ್ದಾದರೆ ಎರಡೂ ಕಡೆ ಹೋಯಿತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2018ರಿಂದ ಹಳೆ ಪಗಾರ ಕೇಳುವುದಕ್ಕೇ ಕಾನೂನಿನ ಅಡ್ಡಿ ಇದೆ. ನಮ್ಮಲ್ಲಿ ಅಂಥ ಕಾನೂನಿಲ್ಲ, ಆದ್ದರಿಂದ ಕೇಳಿಯೇ ಕೇಳುತ್ತಾರೆ. ಇದ್ದದ್ದು ಹೇಳು, ಆದರೆ ಅಲ್ಲಿಗೇ ನಿಲ್ಲಿಸಬೇಡ. ‘ಈಗ ಮನೆಯಿಂದ ಓಡಾಡುತ್ತೇನೆ, ಬೆಂಗಳೂರಿಗೆ ಬಂದರೆ ಖರ್ಚೇ ಬೇರೆ, ಹಾಗಾಗಿ ಹಳೆ ಪಗಾರದ ಲೆಕ್ಕ ಇದಕ್ಕೆ ಹೊಂದುವುದಿಲ್ಲ’ ಅಂತ ಬಾಯಿಬಿಟ್ಟು ಹೇಳು.

ಏಕೆಂದರೆ ಆ 4 ಲಕ್ಷದಲ್ಲಿ ನಿನ್ನ ಕೈಗೆ ಎಷ್ಟು ಬರುತ್ತದೆ ನೋಡು. ಹತ್ತು ಪರ್ಸೆಂಟ್ ವೇರಿಯಬಲ್, ಅಂದರೆ ಕೆಲಸ ನೋಡಿ ಕೊಡುವ ಭಾಗ, ಅಂತ ಇಟ್ಟರೆ 40,000 ಪಕ್ಕಕ್ಕೆ ಹೋಯಿತು, ಅದು ಬಂದರೆ ಬಂತು. ಉಳಿದದ್ದು ತಿಂಗಳಿಗೆ 30,000. ಅದರಲ್ಲಿ ಎರಡೂ ಪಾಲಿನ ಪಿಎಫ್ 3,600, ಮುಂದೆ ಕೆಲಸ ಬಿಡುವಾಗ ಕೊಡುವ ಗ್ರಾಚ್ಯುಟಿ ಅಂತ ಒಂದು 700, ಪ್ರೊಫೆಷನಲ್ ಟ್ಯಾಕ್ಸ್ 200. ಕೊನೆಗೆ ಸುಮಾರು 25,500. ಈಗಿನದಕ್ಕಿಂತ ಮೂರೂವರೆ ಸಾವಿರ ಜಾಸ್ತಿ, ಅದರಲ್ಲೇ ಪಿಜಿ ಬಾಡಿಗೆ, ಬಸ್ಸು, ವಾರದ ಕೊನೆಗೆ ಗದಗಿಗೆ ಬಂದುಹೋಗುವ ಖರ್ಚು. ಮನೆಯ ರೊಟ್ಟಿ-ಪಲ್ಯ ಬಿಟ್ಟು ಹೋಗುವವಳಿಗೆ ಇದು ಪಗಾರ ಇಳಿದ ಹಾಗೇ ಅಲ್ವಾ?

ಅದಕ್ಕೇ ಲೆಕ್ಕವನ್ನು ಹಿಂದಿನಿಂದ ಹಾಕು. ಅಲ್ಲಿರಲು, ಮನೆಗೆ ಕಳಿಸಲು ಕೈಗೆ 35,000 ಬೇಕು ಅನಿಸಿದರೆ ಕಟ್ ಆಗುವುದನ್ನೆಲ್ಲ ಕೂಡಿಸು, 39,500 ಆಗುತ್ತದೆ. ವರ್ಷಕ್ಕೆ 4.75 ಲಕ್ಷದ ಆಸುಪಾಸು. ಹಾಗಾದರೆ ನೀನು ಕೇಳಬೇಕಾದದ್ದು ‘5 ಲಕ್ಷ, ಫಿಕ್ಸೆಡ್’. ಫಿಕ್ಸೆಡ್ ಅಂದರೆ ವೇರಿಯಬಲ್ ಬಿಟ್ಟು, ಆ ಪದ ಬಿಡಬೇಡ.

ಅಂಕಿಯನ್ನು ಮೊದಲು ಅವರ ಬಾಯಿಂದ ಬರಿಸಲು ನೋಡು. ‘ಸರ್, ಈ ಹುದ್ದೆಗೆ ಬಜೆಟ್ ಎಷ್ಟಿದೆ?’ ಅಂತ ಕೇಳಿದರೆ ಯಾರೂ ಸಿಟ್ಟಾಗುವುದಿಲ್ಲ, ಎಷ್ಟೋ ಜನ ಹೇಳಿಯೂ ಬಿಡುತ್ತಾರೆ. ಕನ್ಸಲ್ಟೆನ್ಸಿಯವರು ನಿನ್ನ ವೈರಿಗಳಲ್ಲ. ಅವರಿಗೆ ಕಂಪನಿಯಿಂದ ಬರುವ ಕಮಿಷನ್ ಸಾಮಾನ್ಯವಾಗಿ ನಿನ್ನ ವರ್ಷದ ಪಗಾರದ ಇಷ್ಟು ಪರ್ಸೆಂಟ್ ಅಂತಲೇ ಇರುತ್ತದೆ. ನಿನ್ನ ಹತ್ತಿರ ‘ರಿಜಿಸ್ಟ್ರೇಷನ್ ಫೀ’ ಕೇಳಿದರೆ ಮಾತ್ರ ಆ ಕ್ಷಣವೇ ಫೋನ್ ಇಡು.

‘ಇಲ್ಲ, ನೀವೇ ಹೇಳಿ’ ಅಂದರೆ ನಿನ್ನ ಅಂಕಿ ಹೇಳಿ ಸುಮ್ಮನಾಗು. ಇದೇ ಕಷ್ಟದ ಜಾಗ. ಆ ಕಡೆ ನಾಲ್ಕು ಸೆಕೆಂಡ್ ಸದ್ದಿಲ್ಲದಿದ್ದರೆ ನಮಗೆ ಎದೆ ಹೊಡೆದುಕೊಂಡು ‘ಸ್ವಲ್ಪ ಕಡಿಮೆ ಆದರೂ ನಡೆಯುತ್ತೆ ಸರ್’ ಅಂದುಬಿಡುತ್ತೇವೆ. ನಾನೂ ಅಂದಿದ್ದೆ. ಆರು ತಿಂಗಳಾದ ಮೇಲೆ ಗೊತ್ತಾಯಿತು, ನನ್ನ ಜೊತೆ ಅದೇ ದಿನ ಸೇರಿ ಅದೇ ಕೆಲಸ ಮಾಡುತ್ತಿದ್ದ ಹುಡುಗನಿಗೆ ತಿಂಗಳಿಗೆ 4,000 ಜಾಸ್ತಿ. ಅವನು ಕೇಳಿದ್ದ, ನಾನು ಕೇಳಿರಲಿಲ್ಲ. ಆ ಸಂಕಟ ನಿನಗೆ ಬೇಡ ಅಂತಲೇ ಇಷ್ಟುದ್ದ ಬರೆದೆ.

ಅಪ್ಪನ ಭಯ ನನಗೆ ಅರ್ಥವಾಗುತ್ತದೆ. ಅವರ ಪಕ್ಕ ಕೂತು ಈ 25,500ರ ಲೆಕ್ಕ ಬರೆದು ತೋರಿಸು. ಮರ್ಯಾದೆಯಿಂದ ಕೇಳಿದ್ದಕ್ಕೆ ಕಂಪನಿಯವರು ‘ಅಷ್ಟು ಆಗಲ್ಲ, ನಾಲ್ಕೂವರೆ’ ಅನ್ನಬಹುದು, ಆಗ ಒಂದು ದಿನ ಟೈಮ್ ತಗೊಂಡು ಯೋಚಿಸು. ಏನೇ ಆದರೂ ಆಫರ್ ಲೆಟರ್ ಮತ್ತು ಪಗಾರದ ಬ್ರೇಕಪ್ ಮೇಲ್‌ನಲ್ಲಿ ಬರುವ ತನಕ ಗೋಕುಲ ರಸ್ತೆಯ ಕೆಲಸಕ್ಕೆ ರಾಜೀನಾಮೆ ಕೊಡಬೇಡ.