9,000 ದಿರ್ಹಮ್ ಸಂಬಳಕ್ಕೆ ಹೆಂಡತಿ, ಮಗಳ ಜೊತೆ ದುಬೈಗೆ ಹೋಗಬಹುದಾ?

ತಿಂಗಳಿಗೆ 9,000 ದಿರ್ಹಮ್ ಆಫರಿನ ಬಗ್ಗೆ ಕೇಳುತ್ತಾ ನೀವು 'ದಿರ್ಹಮ್‌ಗೆ 24 ರೂಪಾಯಿ ಹಿಡಿದರೂ 2 ಲಕ್ಷ ದಾಟುತ್ತೆ' ಅಂತ ಬರೆದಿದ್ದೀರಲ್ಲ, ಅಲ್ಲೇ ನನ್ನ ಎದೆ ಧಸಕ್ ಅಂತು. 2018ರಲ್ಲಿ ನಾನೂ ಹೀಗೇ ಗುಣಿಸಿದ್ದೆ. ನೀವು ವಿಜಯಪುರದವರು, ನಾನು ಬಾಗಲಕೋಟೆ ನವನಗರದವನು. ಪಕ್ಕದ ಜಿಲ್ಲೆಯವರು ಅಂತ ಬಿಚ್ಚಿಯೇ ಹೇಳ್ತೀನಿ.

ನನ್ನ ಆಫರ್ ತಿಂಗಳಿಗೆ 7,500 ದಿರ್ಹಮ್ ಇತ್ತು. ಆಗಿನ ರೇಟಿಗೆ ಸುಮಾರು 1 ಲಕ್ಷ 38 ಸಾವಿರ, ಮೇಲಾಗಿ ಇನ್‌ಕಮ್ ಟ್ಯಾಕ್ಸ್ ಇಲ್ಲ. ದುಬೈನ ಅಲ್ ನಹ್ದಾ ಏರಿಯಾದಲ್ಲಿ ಒಂದು ಬೆಡ್‌ರೂಮಿನ ಫ್ಲಾಟಿಗೆ ವರ್ಷಕ್ಕೆ 48,000 ಅಂದರು. ಹನ್ನೆರಡರಿಂದ ಭಾಗಿಸಿದೆ, ತಿಂಗಳಿಗೆ 4,000 ಬಂತು. ಊಟ, ಓಡಾಟ, ಫೋನು ಕಳೆದರೂ ಒಂದಿಷ್ಟು ಉಳಿಯಿತು. ಖುಷಿಯಲ್ಲಿ ಸೈನ್ ಹಾಕಿದೆ, ಹೆಂಡತಿ ಮಗಳಿಗೆ ಟಿಕೆಟ್ಟೂ ಬುಕ್ ಮಾಡಿದೆ.

ಆ ಹನ್ನೆರಡರ ಭಾಗಾಕಾರವೇ ನನ್ನನ್ನು ಮುಳುಗಿಸಿತು. ಅಲ್ಲಿ ಬಾಡಿಗೆ ಹೇಳುವುದೂ ವರ್ಷಕ್ಕೆ, ತೆಗೆದುಕೊಳ್ಳುವುದು ಮುಂದಿನ ತಾರೀಖು ಹಾಕಿದ ಚೆಕ್ಕುಗಳಲ್ಲಿ. ಒಂದೋ, ಎರಡೋ, ನಾಲ್ಕೋ, ಮಾಲೀಕ ಒಪ್ಪಿದಷ್ಟು. ನನ್ನ ಮಾಲೀಕ ನಾಲ್ಕಕ್ಕೆ ಒಪ್ಪಿದ. ಅಂದರೆ ಕೀಲಿ ಕೊಡುವ ಮೊದಲೇ 12,000. ಡಿಪಾಸಿಟ್ ವರ್ಷದ ಬಾಡಿಗೆಯ ಶೇ. 5, ಅಂದರೆ 2,400. ಏಜೆಂಟನ ಕಮಿಷನ್ ಶೇ. 5, ಇನ್ನೊಂದು 2,400. ಕರೆಂಟು, ನೀರಿನ ಕನೆಕ್ಷನ್ ಕೊಡುವ 'ದೇವಾ'ಗೆ 2,000 ಡಿಪಾಸಿಟ್. ಇದು ನಮ್ಮ ಹೆಸ್ಕಾಂ ಮತ್ತು ನೀರಿನ ಮಂಡಳಿ ಎರಡೂ ಒಂದೇ ಆದ ಹಾಗೆ. ಮೇಲೆ 'ಇಜಾರಿ' ಅನ್ನುವ ಬಾಡಿಗೆ ನೋಂದಣಿ. ಒಟ್ಟು 19 ಸಾವಿರ ದಿರ್ಹಮ್, ನಮ್ಮ ಲೆಕ್ಕದಲ್ಲಿ ಮೂರೂವರೆ ಲಕ್ಷ. ಮೊದಲ ಸಂಬಳ ಇನ್ನೂ ಕೈಗೆ ಬಂದಿರಲಿಲ್ಲ. ಚೆಕ್ ಬುಕ್ ಬೇಕಂದರೆ ಬ್ಯಾಂಕಿಗೆ ಎಮಿರೇಟ್ಸ್ ಐಡಿ, ಅಂದರೆ ಅಲ್ಲಿನ ಗುರುತಿನ ಚೀಟಿ ಬೇಕು. ಆಗ ಅದಕ್ಕೆ ಮೊದಲು ಪಾಸ್‌ಪೋರ್ಟಿನಲ್ಲಿ ವೀಸಾ ಸ್ಟಾಂಪ್ ಆಗಬೇಕಿತ್ತು.

ಊರಿಗೆ ಫೋನ್ ಮಾಡಿದೆ. "ತಿಂಗಳಿಗೆ ಲಕ್ಷದ ಮ್ಯಾಲೆ ಬರ್ತೈತಿ ಅಂದಿದ್ದಿ, ಮತ್ತ ರೊಕ್ಕ ಯಾಕೋ?" ಅಂದರು ಅಪ್ಪ. ಕೊನೆಗೆ ಹೆಂಡತಿಯ ಬಂಗಾರ ಸೊಸೈಟಿಯಲ್ಲಿ ಅಡವಿಟ್ಟು, ಆ ದುಡ್ಡನ್ನು ನನಗೆ ಕಳಿಸಲು ಬ್ಯಾಂಕಿಗೆ ಓಡಾಡಿದರು. ಕೌಂಟರಿನಲ್ಲಿದ್ದವನು ಫಾರ್ಮನ್ನು ತಿರುಗಿಸಿ ಮುರುಗಿಸಿ ನೋಡಿ, "ದುಬೈದಿಂದ ರೊಕ್ಕ ಬರ್ತಾವ್ರಿ ಯಜಮಾನ್ರ, ದುಬೈಗೆ ಯಾರು ಕಳಸ್ತಾರ?" ಅಂದನಂತೆ. ಅಪ್ಪ ಇದನ್ನು ಈಗಲೂ ಮದುವೆ ಮನೆಗಳಲ್ಲಿ ಹೇಳಿ ನಗಿಸ್ತಾರೆ.

ಅಲ್ಲಿಗೂ ಮುಗಿಯಲಿಲ್ಲ. ಮೂರು ತಿಂಗಳಿಗೆ ಮತ್ತೆ 12,000ದ ಚೆಕ್ಕು. ಸಾಲ ತೀರಿಸುತ್ತಲೇ ಅದಕ್ಕೂ ಕೂಡಿಡಬೇಕು. ಆಗ ಚೆಕ್ ಬೌನ್ಸ್ ಆದರೆ ಪೊಲೀಸ್ ಕೇಸು. 2022ರಿಂದ ಕಾನೂನು ಸಡಿಲವಾಗಿದೆ, ಆದರೆ ತಲೆನೋವು ತಪ್ಪಿಲ್ಲ. ದೇವಾ ಬಿಲ್ಲು ಬಂದಾಗ ಅದರಲ್ಲಿ 'ಹೌಸಿಂಗ್ ಫೀ' ಅಂತ ಬೇರೆಯೇ ಒಂದು ಸಾಲು. ಅದು ಮುನಿಸಿಪಾಲಿಟಿಯದು, ವರ್ಷದ ಬಾಡಿಗೆಯ ಶೇ. 5. ನನಗೆ ತಿಂಗಳಿಗೆ 200 ಬಿತ್ತು.

ಹಾಗಾಗಿ 9,000 ಸಾಕಾ ಅನ್ನುವ ಪ್ರಶ್ನೆಯೇ ನನಗೆ ಸರಿ ಕಾಣಲ್ಲ. ಇಳಿದ ತಿಂಗಳು ನಿಮ್ಮ ಕೈಯಲ್ಲಿ ಎಷ್ಟು ದಿರ್ಹಮ್ ಇರುತ್ತೆ? ಮೊದಲು ಅದನ್ನು ಹೇಳಿ. 24ರಿಂದ ಗುಣಿಸುವುದನ್ನು ಊರಿಗೆ ಕಳಿಸುವ ದುಡ್ಡಿಗೆ ಮಾತ್ರ ಇಟ್ಟುಕೊಳ್ಳಿ. ದಿರ್ಹಮ್ ಡಾಲರ್‌ಗೆ ಕಟ್ಟಿಕೊಂಡಿದೆ, ಡಾಲರ್‌ಗೆ 3.6725, 1997ರಿಂದ ಅಷ್ಟೇ. ರೂಪಾಯಿ ಬಿದ್ದರೆ ನೀವು ಕಳಿಸುವುದು ಊರಲ್ಲಿ ಜಾಸ್ತಿ ಕಾಣುತ್ತೆ, ಅಲ್ಲಿನ ಬಾಡಿಗೆ ಒಂದು ದಿರ್ಹಮ್ಮೂ ಇಳಿಯಲ್ಲ. ಇನ್ನು, 4,000 ಸಂಬಳ ಇದ್ದರೆ ಫ್ಯಾಮಿಲಿ ವೀಸಾ ಸಿಗುತ್ತೆ ಅಂತ ಯಾರೋ ಧೈರ್ಯ ಹೇಳ್ತಾರೆ. ವೀಸಾ ಸಿಗುವುದು ಬೇರೆ, ಸಂಸಾರ ನಡೆಸುವುದು ಬೇರೆ ಅಲ್ವಾ?

ದುಬೈ ಪಕ್ಕದ ಶಾರ್ಜಾದಲ್ಲಿ ಬಾಡಿಗೆ ಕಡಿಮೆ, ನಿಜ. ಆದರೆ ದಿನಾ ಆ ಟ್ರಾಫಿಕ್ಕಿನಲ್ಲಿ ಕೂತರೆ ಮಗಳ ಮುಖ ರಾತ್ರಿಯೇ ನೋಡೋದು.

ನನ್ನನ್ನು ಕೇಳಿದರೆ ಮೊದಲು ನೀವೊಬ್ಬರೇ ಹೋಗಿ, ಶೇರಿಂಗ್ ರೂಮಿನಲ್ಲಿರಿ. ಮೊದಲ ಚೆಕ್ಕು ಮತ್ತು ಡಿಪಾಸಿಟ್ಟಿನ ದುಡ್ಡು ಅಲ್ಲೇ ಕೂಡಿದ ಮೇಲೆ ಹೆಂಡತಿ, ಮಗಳನ್ನು ಕರೆಸಿಕೊಳ್ಳಿ. ಮನೆಯವರು ಬೇಜಾರು ಮಾಡ್ಕೋತಾರೆ, ಮಾಡ್ಕೊಳ್ಳಲಿ. ಸೈನ್ ಮಾಡೋ ಮೊದಲು ಎಚ್‌ಆರ್‌ಗೆ ಮೇಲ್ ಹಾಕಿ ಕೇಳಿ: 9,000ದಲ್ಲಿ ಬೇಸಿಕ್ ಎಷ್ಟು? ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಬೇಸಿಕ್ ಮೇಲೇ ಲೆಕ್ಕ, ಮೊದಲ ಐದು ವರ್ಷ ವರ್ಷಕ್ಕೆ 21 ದಿನದ ಬೇಸಿಕ್. ಬಾಡಿಗೆಗೆ ಅಡ್ವಾನ್ಸ್ ಕೊಡ್ತಾರಾ? ಕೊಟ್ಟರೆ ತಿಂಗಳಿಗೆ ಎಷ್ಟು ಕಡಿತ? ಮಗಳ ಸ್ಕೂಲ್ ಫೀಸು ಯಾರದು? ನಿಮ್ಮ ಹೆಲ್ತ್ ಇನ್ಶೂರೆನ್ಸನ್ನು ಕಂಪನಿಯೇ ಮಾಡಿಸಬೇಕು. ಹೆಂಡತಿ, ಮಗಳದ್ದು ಸ್ಪಾನ್ಸರ್ ಆದ ನಿಮ್ಮ ತಲೆ ಮೇಲೇ ಬರುತ್ತೆ. ಫೋನಲ್ಲಿ ಹೂಂ ಅಂದದ್ದು ಲೆಕ್ಕಕ್ಕಿಲ್ಲ, ಮೇಲ್‌ನಲ್ಲಿ ಬರಲಿ. ಫ್ಯಾಮಿಲಿ ವೀಸಾಕ್ಕೆ ಬೇಕಾಗುವ ಮದುವೆ ಸರ್ಟಿಫಿಕೇಟಿನ ಅಟೆಸ್ಟೇಶನ್ (ಸರ್ಕಾರಿ ದೃಢೀಕರಣ) ಮಾತ್ರ ಊರು ಬಿಡುವ ಮೊದಲೇ ಮುಗಿಸಿ.